ಹಳೇ ಮನೆಯ ಚಂದಕ್ಕೆ ಹೊಸ ಕೊಟೇಶನ್

ಬೆಂಗಳೂರಿನಲ್ಲಿ ಫ್ಲಾಟ್‌ಗೆ ಇಂಟೀರಿಯರ್ ಮಾಡಿಸಲು ಹೊರಟವರಿಗೆ ಮೊದಲು ಸಿಗುವುದು ಕಣ್ಣು ಕುಕ್ಕುವ ತ್ರೀಡಿ ಚಿತ್ರ. ಅದರ ಬೆನ್ನಿಗೇ ಕೊಟೇಶನ್ ಬರುತ್ತದೆ. ಚಿತ್ರವನ್ನು ಮನೆಮಂದಿಯೆಲ್ಲ ಸುತ್ತ ಕೂತು ನೋಡುತ್ತಾರೆ. ಕೊಟೇಶನ್ನಿನಲ್ಲಿ ಕೊನೆಯ ಸಾಲಿನ ಮೊತ್ತ ಮಾತ್ರ ನೋಡುತ್ತಾರೆ. ಓದಬೇಕಾದದ್ದು ನಡುವಿನ ಸಾಲುಗಳನ್ನು. ಕಿಚನ್ ಕಾರ್ಕಸ್, ಅಂದರೆ ಕಪಾಟಿನ ಒಳಡಬ್ಬ, ಇಷ್ಟು ಚದರಡಿ, ಶಟರ್, ಅಂದರೆ ಅದರ ಬಾಗಿಲು, ಇಷ್ಟು ಚದರಡಿ, ವಾರ್ಡ್‌ರೋಬ್ ಇಷ್ಟು, ಟಿವಿ ಹಿಂದಿನ ಪ್ಯಾನೆಲ್ ಇಷ್ಟು, ಫಾಲ್ಸ್ ಸೀಲಿಂಗ್ ಇಷ್ಟು, ಪ್ರೊಫೈಲ್ ಲೈಟ್ ಇಷ್ಟು ಅಡಿ. ಕೆಳಗೆ ಸಣ್ಣಕ್ಷರದಲ್ಲಿ, ಜಿಎಸ್‌ಟಿ 18% ಪ್ರತ್ಯೇಕ.

ಇಲ್ಲಿ ಹೆಚ್ಚುಕಮ್ಮಿ ಎಲ್ಲವೂ ಹಲಗೆ. ಹಲಗೆಯ ಲೆಕ್ಕ ಹಾಕುವುದು ಮುಂಭಾಗದ ಅಳತೆಯಲ್ಲಿ. 8 ಅಡಿ ಅಗಲ, 7 ಅಡಿ ಎತ್ತರದ ವಾರ್ಡ್‌ರೋಬ್ ಅಂದರೆ 56 ಚದರಡಿ. ಮೇಲೆ ಎರಡಡಿ ಲಾಫ್ಟ್ ಸೇರಿಸಿದರೆ ಇನ್ನೂ 16. ಪಕ್ಕದ ಖಾಲಿ ಜಾಗಕ್ಕೆ ಒಂದು ಪ್ಯಾನೆಲ್ ಹೊಡೆದರೆ ಅದರದ್ದೂ ಸೇರುತ್ತದೆ. ಗೋಡೆ ಎಷ್ಟು ಮುಚ್ಚಿದರೆ ಅಷ್ಟು ಬಿಲ್. ಖಾಲಿ ಬಿಟ್ಟ ಗೋಡೆಗೆ ದುಡ್ಡು ಹುಟ್ಟುವುದಿಲ್ಲ. ಕಿಟಕಿಯಿಂದ ಗಾಳಿ ಬರಲಿ ಅಂತ ಸೋಫಾವನ್ನು ಆಚೆ ಸರಿಸಿ ಕೊಟ್ಟ ಸಲಹೆಗೂ ಚದರಡಿ ರೇಟ್ ಇಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಮನೆ ಒಳಾಂಗಣದ ಈಗಿನ ಟ್ರೆಂಡ್‌ಗಳ ಬಗ್ಗೆ ಬರುವ ಬರಹಗಳಲ್ಲಿ ಎಲ್ಲವೂ ಜನರ ಅಭಿರುಚಿಯ ವಿಷಯ ಅನ್ನುವ ಹಾಗಿರುತ್ತದೆ. ಈ ವರ್ಷ ಕಂದು, ಮುಂದಿನ ವರ್ಷ ಹಸಿರು, ಆಮೇಲೆ ಕಮಾನು. ಈಗ ಜನ ಆಸೆಪಡುತ್ತಿರುವುದೇನೋ ಹಳೇ ಮನೆಯ ವಸ್ತುಗಳಿಗೆ. ಸುಣ್ಣದ ಗೋಡೆ, ಕೆಂಪು ನೆಲ, ಮಣ್ಣಿನ ಜಾಲಿ, ಬೆತ್ತದ ಹೆಣಿಗೆ, ಮರದ ಕಂಬ. ಆದರೆ ಆ ವಸ್ತುಗಳು ಹಳೇ ಮನೆಯಲ್ಲಿ ಒಂದೊಂದು ಕೆಲಸ ಮಾಡುತ್ತಿದ್ದವು. ಫ್ಲಾಟ್‌ಗೆ ಬರುವಾಗ ಕೆಲಸ ಹಿಂದೆ ಉಳಿದು ನೋಟ ಮಾತ್ರ ಬಂದಿದೆ. ಯಾಕೆ ಅಂತ ಹುಡುಕಿದರೆ ಉತ್ತರ ಬಹುತೇಕ ಈ ಚದರಡಿ ಲೆಕ್ಕದಲ್ಲೇ ಸಿಗುತ್ತದೆ.

ಮೊದಲು ಬಣ್ಣದ ವಿಷಯ ಮುಗಿಸೋಣ, ಅದು ಬೇಗ ಮುಗಿಯುವಂಥದ್ದು. ಹತ್ತು–ಹದಿನೈದು ವರ್ಷದ ಹಿಂದೆ ಮಾಡ್ಯುಲರ್ ಕಿಚನ್ ಅಂದರೆ ಮುಖ ಕಾಣುವಷ್ಟು ಹೊಳೆಯುವ ಕೆಂಪು ಅಥವಾ ವೈನ್ ಬಣ್ಣ. ಆಮೇಲೆ ಎಲ್ಲ ಕಡೆ ಬೂದು ಬಂತು. ಈಗ ಕೆನೆ, ಕಂದು, ಆಲಿವ್ ಹಸಿರು, ಅದೂ ಹೊಳಪಿಲ್ಲದ ಮ್ಯಾಟ್. ಅಮೆರಿಕದ ಪ್ಯಾಂಟೋನ್ ಕಂಪನಿ 2000ದಿಂದ ಪ್ರತಿ ವರ್ಷಕ್ಕೂ ಒಂದು ಬಣ್ಣ ಆರಿಸುತ್ತದೆ. 2025ಕ್ಕೆ ಮೋಕಾ ಮೂಸ್ ಎಂಬ ಕಂದು, 2026ಕ್ಕೆ ಕ್ಲೌಡ್ ಡ್ಯಾನ್ಸರ್ ಎಂಬ ಬಿಳಿ. ಫಿಲ್ಟರ್ ಕಾಫಿ ಬಣ್ಣವನ್ನೂ ಸುಣ್ಣದ ಬಣ್ಣವನ್ನೂ ಅಲ್ಲಿಂದ ತಿಳಿದುಕೊಳ್ಳಬೇಕಾಯಿತು, ಇರಲಿ.

ಇದರ ಜೊತೆಗೇ ಬಂದದ್ದು ಜಪಾಂಡಿ. ಜಪಾನಿನ ಶೈಲಿ, ಸ್ವೀಡನ್–ಡೆನ್ಮಾರ್ಕ್ ಕಡೆಯ ಶೈಲಿ, ಎರಡರ ಬೆರಕೆ. ತಿಳಿ ಬಣ್ಣದ ಮರ, ಬಿಳಿ ಗೋಡೆ, ಕಡಿಮೆ ಸಾಮಾನು. ನೋಡಲು ನಿಜಕ್ಕೂ ತಂಪಾಗಿದೆ. ಆದರೆ ಉತ್ತರ ಯುರೋಪಿನಲ್ಲಿ ಚಳಿಗಾಲದ ಬಿಸಿಲು ಕೆಲವೇ ಗಂಟೆ. ಸಿಕ್ಕಷ್ಟು ಬೆಳಕನ್ನು ಮನೆಯೊಳಗೆಲ್ಲ ಹರಡಲು ಅಲ್ಲಿ ಗೋಡೆ, ಮರ ಎಲ್ಲ ತಿಳಿಯಾಗಿರಬೇಕು. ನಮ್ಮಲ್ಲಿ ಸಮಸ್ಯೆ ಉಲ್ಟಾ. ರಾಯಚೂರು, ಕಲಬುರಗಿ ಬಿಡಿ, ಬೆಂಗಳೂರಿನಲ್ಲೇ 2016ರ ಏಪ್ರಿಲ್ 25ರಂದು 39.2 ಡಿಗ್ರಿ ದಾಖಲಾಗಿತ್ತು. 2024ರ ಏಪ್ರಿಲ್ ಕೊನೆಯಲ್ಲೂ 38 ದಾಟಿತು. ಪಶ್ಚಿಮಕ್ಕೆ ದೊಡ್ಡ ಗಾಜು, ಒಳಗೆಲ್ಲ ಬಿಳಿ, ನೆಲಕ್ಕೂ ಹೊಳೆಯುವ ಬಿಳಿ ಟೈಲ್ಸ್ ಅಂದರೆ ಮಧ್ಯಾಹ್ನ ಮೂರಕ್ಕೆ ಪರದೆ ಎಳೆದು ಲೈಟ್ ಹಾಕಿಕೊಂಡು ಕೂರಬೇಕು. ಹಳೇ ಮನೆಗಳ ಜಗಲಿ, ತಗ್ಗಿದ ಸೂರು, ಕೆಂಪು ನೆಲ, ಇವೆಲ್ಲ ಬೆಳಕಿನ ಖಾರ ಇಳಿಸುವ ಉಪಾಯಗಳಾಗಿದ್ದವು.

ಸುಣ್ಣವಿಲ್ಲದ ಸುಣ್ಣ

ಈಗ ದುಬಾರಿ ಗೋಡೆ ಅಂದರೆ ಲೈಮ್‌ವಾಶ್. ಮೋಡ ಕವಿದ ಹಾಗೆ ಅಲ್ಲಲ್ಲಿ ಗಾಢ, ಅಲ್ಲಲ್ಲಿ ತಿಳಿ. ಬ್ರಷ್ ಓಡಿದ ಗುರುತು ಕಾಣಬೇಕು. ನಮ್ಮ ಅಜ್ಜ–ಅಜ್ಜಿಯರ ಕಾಲದಲ್ಲಿ ಹೀಗೆ ಕಂಡರೆ ‘ಸುಣ್ಣ ಸರಿಯಾಗಿ ಬಳಿದಿಲ್ಲ’ ಅಂತ ಕೂಲಿ ಹಿಡಿದುಕೊಳ್ಳುತ್ತಿದ್ದರು.

ಸುಣ್ಣ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಸುಣ್ಣದ ಕಲ್ಲನ್ನು, ಕರಾವಳಿಯಾದರೆ ಚಿಪ್ಪನ್ನು, ಸುಟ್ಟು ನೀರಿಗೆ ಹಾಕುತ್ತಾರೆ. ಅದು ಕುದಿದು ಅರಳುತ್ತದೆ. ಸೋಸಿ, ಸ್ವಲ್ಪ ಅಂಟು ಮತ್ತು ನೀಲಿ ಬೆರೆಸಿ ಬಳಿಯುತ್ತಾರೆ. ಗೋಡೆಯ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಗೋಡೆಯ ತೇವ ಹೊರಗೆ ಹೋಗಲು ದಾರಿ ಬಿಡುತ್ತದೆ. ಕ್ಷಾರದ ಗುಣ ಇರುವುದರಿಂದ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ. ನಾಲ್ಕು ತಿಂಗಳು ಮಳೆ ಹೊಡೆಯುವ ಮಲೆನಾಡಿನ ಮನೆಗೆ ಇದಕ್ಕಿಂತ ಒಳ್ಳೆಯ ಬಣ್ಣ ಇರಲಿಲ್ಲ. ತೊಂದರೆಯೂ ಇತ್ತು. ಒರಗಿ ಕೂತರೆ ಬೆನ್ನೆಲ್ಲ ಬಿಳಿ. ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಮತ್ತೆ ಬಳಿಯಬೇಕು. ಅದಕ್ಕೇ ಡಿಸ್ಟೆಂಪರ್ ಬಂದಾಗ, ಆಮೇಲೆ ಎಮಲ್ಷನ್ ಬಂದಾಗ ಜನ ಖುಷಿಯಿಂದ ಸುಣ್ಣ ಬಿಟ್ಟರು. ಅದು ತಪ್ಪೇನಲ್ಲ.

ಫ್ಲಾಟ್‌ನ ಗೋಡೆಗೆ ಬಿಲ್ಡರ್ ಆಗಲೇ ಪುಟ್ಟಿ ಹಚ್ಚಿ ಎಮಲ್ಷನ್ ಬಳಿದಿರುತ್ತಾನೆ. ಸುಣ್ಣಕ್ಕೆ ನೀರು ಹೀರುವ ಗೋಡೆ ಬೇಕು. ಪ್ಲಾಸ್ಟಿಕ್ಕಿನಂಥ ಎಮಲ್ಷನ್ ಮೇಲೆ ನೇರವಾಗಿ ಬಳಿದರೆ ಅದು ಹಿಡಿಯುವುದಿಲ್ಲ. ಬೇರೆ ಪ್ರೈಮರ್ ಬೇಕು, ಇಲ್ಲವೇ ಕೆರೆದು ತೆಗೆಯಬೇಕು. ಆ ರಗಳೆ ಯಾರಿಗೆ ಬೇಕು? ಹಾಗಾಗಿ ಲೈಮ್‌ವಾಶ್ ಹೆಸರಿನಲ್ಲಿ ಬಳಿಯುವುದು ಎಷ್ಟೋ ಸಲ ಸುಣ್ಣದ ಹಾಗೆ ಕಾಣುವ ಅಕ್ರಿಲಿಕ್ ಟೆಕ್ಸ್ಚರ್. ನೋಟಕ್ಕೆ ಅಡ್ಡಿಯಿಲ್ಲ. ಆದರೆ ‘ಗೋಡೆ ಉಸಿರಾಡುತ್ತದೆ’ ಅನ್ನುವ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಡಬ್ಬದ ಮೇಲೆ ಏನು ಬರೆದಿದೆ ಅಂತ ಓದಿ, ಅಷ್ಟು ಸಾಕು.

ಕೆಂಪು ನೆಲದ ಕತೆ

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಹಳೇ ಬಡಾವಣೆಗಳ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಸಾಮಾನ್ಯವಾಗಿತ್ತು. ಆಮೇಲೆ ಮೊಸಾಯಿಕ್, ಮಾರ್ಬಲ್, ವಿಟ್ರಿಫೈಡ್ ಟೈಲ್ಸ್ ಅಂತ ಒಂದೊಂದೇ ಬಂದು ಅದನ್ನು ಮುಚ್ಚಿ ಹಾಕಿದವು. ಎಷ್ಟೋ ಮನೆಯಲ್ಲಿ ಈಗಲೂ ಟೈಲ್ಸ್ ಕೆಳಗೆ ಆ ನೆಲ ಹಾಗೇ ಇದೆ. ಅದೇ ನೆಲ ಈಗ ಆರ್ಕಿಟೆಕ್ಟ್‌ಗಳು ಮಾಡುವ ಮನೆಗಳಲ್ಲಿ ದೊಡ್ಡಸ್ತಿಕೆಯ ಗುರುತು.

ಅದನ್ನು ಹಾಕುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದು ಯಾಕೆ ಎಲ್ಲೆಡೆ ವಾಪಸ್ ಬರುತ್ತಿಲ್ಲ ಅಂತ ಗೊತ್ತಾಗುತ್ತದೆ. ಕೆಳಗಿನ ಕಾಂಕ್ರೀಟ್ ಇನ್ನೂ ಹಸಿಯಾಗಿರುವಾಗಲೇ ಸಿಮೆಂಟು, ಕೆಂಪು ಆಕ್ಸೈಡ್ ಪುಡಿ ಬೆರೆಸಿದ ತೆಳು ಪದರ ಬೀಳಬೇಕು. ಒಂದು ಕೋಣೆ ಒಂದೇ ಹೊತ್ತಿನಲ್ಲಿ ಮುಗಿಯಬೇಕು. ಇವತ್ತು ಅರ್ಧ, ನಾಳೆ ಅರ್ಧ ಅಂದರೆ ಬಣ್ಣ ಎರಡಾಗುತ್ತದೆ. ಆಮೇಲೆ ಗಾರೆ ಕೆಲಸದವನು ಕುಕ್ಕರುಗಾಲಲ್ಲಿ ಕೂತು, ಹಿಂದೆ ಹಿಂದೆ ಸರಿಯುತ್ತಾ, ಕರಣೆಯಲ್ಲಿ ಒತ್ತಿ ಒತ್ತಿ ತೀಡುತ್ತಾನೆ. ಹೊಳಪು ಬರುವುದು ಆ ಒತ್ತುವಿಕೆಯಿಂದ. ಬೇಗ ಒತ್ತಿದರೆ ನೀರು ಮೇಲೆ ಬಂದು ಬಿಳಿಚಿಕೊಳ್ಳುತ್ತದೆ, ತಡ ಮಾಡಿದರೆ ಕರಣೆ ಗೀರು ಬೀಳುತ್ತದೆ. ಮುಗಿದ ಮೇಲೆ ದಿನಗಟ್ಟಲೆ ನೀರು ನಿಲ್ಲಿಸಬೇಕು. ಯಾರೂ ಓಡಾಡುವಂತಿಲ್ಲ. ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದು. ಆಮೇಲೆ ವರ್ಷ ಕಳೆದಷ್ಟೂ, ಕಾಲು ಓಡಾಡಿದಷ್ಟೂ ಅದು ಚೆಂದ ಆಗುತ್ತದೆ.

ಈ ಕೆಲಸವನ್ನು 45 ದಿನದಲ್ಲಿ ಮನೆ ರೆಡಿ ಅನ್ನುವ ಒಪ್ಪಂದದೊಳಗೆ ತೂರಿಸಲು ಆಗುವುದಿಲ್ಲ. ಕಾರ್ಖಾನೆಯಲ್ಲಿ ಮಾಡಿಸಿ ಲಾರಿಯಲ್ಲಿ ತರಲೂ ಆಗುವುದಿಲ್ಲ. ಕೆಲಸ ಗೊತ್ತಿದ್ದ ಹಳೇ ಗಾರೆಯವರು ಕಡಿಮೆಯಾಗಿದ್ದಾರೆ, ಕಲಿಯುವವರು ಅದಕ್ಕಿಂತ ಕಡಿಮೆ. ಹಾಗಾಗಿ ಕೊಟೇಶನ್ನಿನಲ್ಲಿ ಬರುವುದು ಕೆಂಪು ಬಣ್ಣದ ಮೈಕ್ರೊಸಿಮೆಂಟ್. ಹಳೇ ಟೈಲ್ಸ್ ಮೇಲೇ ಎರಡು–ಮೂರು ಮಿಲಿಮೀಟರ್ ದಪ್ಪಕ್ಕೆ ಹಚ್ಚಬಹುದು, ಮೇಲೆ ಸೀಲರ್ ಕೋಟ್. ಒಡೆಯುವ ಧೂಳಿಲ್ಲ, ಇದು ದೊಡ್ಡ ಅನುಕೂಲ. ಆದರೆ ಹೊಳಪು, ಕಲೆ ತಡೆಯುವ ಶಕ್ತಿ ಎಲ್ಲ ಆ ಸೀಲರ್‌ನದ್ದು. ಅದು ಸವೆದರೆ ಮತ್ತೆ ಹಚ್ಚಿಸಬೇಕು.

ಇನ್ನೊಂದು ಆತಂಗುಡಿ ಟೈಲ್ಸ್. ತಮಿಳುನಾಡಿನ ಚೆಟ್ಟಿನಾಡಿನ ಊರಿನದ್ದು. ಗಾಜಿನ ತಟ್ಟೆಯ ಮೇಲೆ ಅಚ್ಚಿಟ್ಟು ಬಣ್ಣದ ಸಿಮೆಂಟ್ ಸುರಿದು, ಹಿಂದೆ ಮರಳು–ಸಿಮೆಂಟ್ ತುಂಬಿ, ನೀರಲ್ಲಿ ನೆನೆಹಾಕಿ ಒಣಗಿಸುತ್ತಾರೆ. ಒಲೆಗೆ ಹಾಕುವುದೇ ಇಲ್ಲ. ಗಾಜಿನ ನುಣುಪೇ ಟೈಲಿನ ನುಣುಪು. ಇದರ ಹೂವಿನ ಮಾದರಿಯನ್ನು ಹೊಡೆದ ಸಿರಾಮಿಕ್ ಟೈಲ್ಸ್ ಈಗ ಪ್ರತಿ ಅಂಗಡಿಯಲ್ಲೂ ಇದೆ. ಅಸಲಿ ಬೇಕಾದರೆ ಎರಡು ಟೈಲ್ ಪಕ್ಕ ಪಕ್ಕ ಇಟ್ಟು ನೋಡಿ. ಬಣ್ಣ ಒಂದೇ ಥರ ಇದ್ದರೆ ಅದು ಯಂತ್ರದ್ದು.

ಗಾಳಿ ಬಾರದ ಜಾಲಿ

ಟೆರಾಕೋಟ ಜಾಲಿಯನ್ನು ಕಂಡರೆ ನನಗೆ ಸ್ವಲ್ಪ ಸಂಕಟವೇ ಆಗುತ್ತದೆ. ಜಾಲಿ ಇರುವುದು ಬಿಸಿಲು ತಡೆದು ಗಾಳಿ ಬಿಡಲು. ಹೊರಗೋಡೆಯಲ್ಲಿ ಇದ್ದರೆ ಅದಕ್ಕೆ ಅರ್ಥ. ಈಗ ಅದನ್ನು ಹಾಲ್‌ನಲ್ಲಿ, ಗಟ್ಟಿ ಗೋಡೆಯ ಮೇಲೆ ಅಂಟಿಸಿ, ಹಿಂದೆ ಎಲ್‌ಇಡಿ ಪಟ್ಟಿ ಬಿಟ್ಟು ಫೋಟೊ ತೆಗೆಯುತ್ತಾರೆ. ಒಂದೊಂದು ತೂತಿನಲ್ಲೂ ಧೂಳು, ಜೇಡರ ಬಲೆ. ಫ್ಲೂಟೆಡ್ ಪ್ಯಾನೆಲ್‌ನದ್ದೂ ಇದೇ ಗತಿ. ಉದ್ದುದ್ದ ಗೀರುಗಳ ಪ್ಯಾನೆಲ್ ಟಿವಿ ಹಿಂದೆ ಚೆನ್ನಾಗಿ ಕಾಣುತ್ತದೆ ನಿಜ. ವಾರಕ್ಕೊಮ್ಮೆ ಪ್ರತಿ ಗೀರನ್ನೂ ಒರೆಸುವವರು ಯಾರು? ಡಿಸೈನ್ ಮೀಟಿಂಗ್‌ಗೆ ಅವರನ್ನು ಯಾರೂ ಕರೆಯುವುದಿಲ್ಲ.

ಬೆತ್ತದ ಹೆಣಿಗೆಯ ವಾರ್ಡ್‌ರೋಬ್ ಬಾಗಿಲಿನದ್ದೂ ಅರ್ಧ ಕತೆ ಇಂಥದ್ದೇ. ಬೆತ್ತದ ತೂತುಗಳಿಂದ ಗಾಳಿಯಾಡಿದರೆ ಬಟ್ಟೆಗೆ ಮುಗ್ಗಲು ವಾಸನೆ ಬರುವುದಿಲ್ಲ. ಶಿವಮೊಗ್ಗ, ಮಂಗಳೂರಿನ ಮಳೆಗಾಲಕ್ಕೆ ಇದು ತುಂಬಾ ಉಪಯೋಗಿ. ಆದರೆ ಅಗ್ಗದ ಬಾಗಿಲುಗಳಲ್ಲಿ ಬೆತ್ತದ ಹಿಂದೆ ಒಂದು ಹಲಗೆ ಇರುತ್ತದೆ. ಶೋರೂಮಿನಲ್ಲಿ ಬಾಗಿಲು ತೆಗೆದು ಹಿಂಬದಿ ನೋಡಿದರೆ ತಿಳಿಯುತ್ತದೆ.

ಮಂಗಳೂರು ಹೆಂಚಿನ ವಿಷಯದಲ್ಲಿ ಮಾತ್ರ ಕೆಲವರು ಬುದ್ಧಿವಂತಿಕೆ ತೋರಿದ್ದಾರೆ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹೊರಟ ಹೆಂಚು ಅದು. ಹಳೇ ಸೂರು ಕೆಡವಿದಾಗ ಸಿಗುವ ಹೆಂಚುಗಳನ್ನು ಫಿಲ್ಲರ್ ಸ್ಲ್ಯಾಬ್‌ಗೆ ಬಳಸುತ್ತಾರೆ. ತಾರಸಿಯ ಕೆಳಭಾಗದ ಕಾಂಕ್ರೀಟ್‌ಗೆ ಭಾರ ಹೊರುವಲ್ಲಿ ಹೆಚ್ಚು ಪಾತ್ರವಿಲ್ಲ. ಅಲ್ಲಿ ಕೆಲಸ ಮಾಡುವುದು ಕಬ್ಬಿಣ. ಆ ಜಾಗದಲ್ಲಿ ಹೆಂಚು ತುಂಬಿದರೆ ಕಾಂಕ್ರೀಟ್ ಉಳಿಯುತ್ತದೆ, ತೂಕ ಇಳಿಯುತ್ತದೆ, ಎರಡು ಹೆಂಚಿನ ನಡುವಿನ ಗಾಳಿ ಬಿಸಿಯನ್ನೂ ತಡೆಯುತ್ತದೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಇದನ್ನು ಬಹಳ ಬಳಸಿದರು. ಕೆಳಗೆ ನಿಂತು ನೋಡಿದರೆ ಹೆಂಚಿನ ಚಿತ್ತಾರ. ಮತ್ತೆ ಫಾಲ್ಸ್ ಸೀಲಿಂಗ್ ಬೇಕಿಲ್ಲ. ಆದರೆ ಇದು ಸ್ವಂತ ಸೈಟಿನಲ್ಲಿ ಕಟ್ಟುವವರಿಗೆ ಮಾತ್ರ. ಫ್ಲಾಟ್‌ನವರಿಗೆ ಈ ಭಾಗ್ಯ ಇಲ್ಲ.

ಹಳೇ ಕಂಬ, ಹೆಬ್ಬಾಗಿಲುಗಳ ವ್ಯಾಪಾರ ಬೇರೆ. ಚೆಟ್ಟಿನಾಡಿನ ಕಾರೈಕುಡಿಯ ಅಂಗಡಿಗಳಿಂದ, ಮಲೆನಾಡಿನ ಕೆಡವಿದ ಮನೆಗಳಿಂದ ಅವು ಬೆಂಗಳೂರಿಗೆ ಬರುತ್ತವೆ. ಏನನ್ನೂ ಹೊರದ ಕಂಬ ಟಿವಿ ಯೂನಿಟ್ ಪಕ್ಕ ನಿಲ್ಲುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಂಜೂರು ಚೌಕಿ ಮನೆಯಂಥ ಇಡೀ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲಿ ಕಂಬ ಇನ್ನೂ ಸೂರು ಹೊತ್ತಿದೆ, ಚೌಕಿಗೆ ಇನ್ನೂ ಬೆಳಕು ಬೀಳುತ್ತದೆ. ಕಂಬ ಕೊಳ್ಳುವ ಮೊದಲು ಒಮ್ಮೆ ಅಲ್ಲಿಗೆ ಹೋಗಿಬರಬಹುದು.

ಸೀಲಿಂಗ್ ಯಾಕೆ ಎಲ್ಲರ ಮನೆಯಲ್ಲೂ ಇದೆ?

ಫಾಲ್ಸ್ ಸೀಲಿಂಗ್ ಅನ್ನು ಸುಮ್ನೆ ಶೋಕಿ ಅಂದುಬಿಡುವುದು ಸುಲಭ. ಆದರೆ ಅದರ ಹಿಂದೆ ಕಟ್ಟಡ ಕಟ್ಟುವ ವಿಧಾನದ್ದೇ ಒಂದು ಕಾರಣವಿದೆ. ಈಗಿನ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಬಹಳಷ್ಟು ಮಿವಾನ್ ವಿಧಾನದವು. ಅಲ್ಯೂಮಿನಿಯಂ ಅಚ್ಚು ಜೋಡಿಸಿ ಗೋಡೆ, ಸ್ಲ್ಯಾಬ್ ಎರಡಕ್ಕೂ ಒಟ್ಟಿಗೆ ಕಾಂಕ್ರೀಟ್ ಸುರಿಯುತ್ತಾರೆ. ಇಟ್ಟಿಗೆ ಇಲ್ಲ, ಪ್ಲಾಸ್ಟರ್ ಇಲ್ಲ. ವೈರಿಂಗ್ ಪೈಪು ಕಾಂಕ್ರೀಟ್ ಸುರಿಯುವ ಮೊದಲೇ ಒಳಗೆ ಕೂತಿರುತ್ತದೆ. ಆ ಗೋಡೆಗಳೇ ಕಟ್ಟಡವನ್ನು ಹೊತ್ತಿರುವುದು. ಹಾಗಾಗಿ ಒಡೆಯುವಂತಿಲ್ಲ, ಪೈಪ್ ಹೂಳಲು ಕೊರೆಯುವಂತಿಲ್ಲ. ಎರಡು ಕೋಣೆ ಸೇರಿಸಿ ಹಾಲ್ ದೊಡ್ಡದು ಮಾಡೋಣ ಅನ್ನುವ ರಿಮಾಡೆಲಿಂಗ್ ಇಲ್ಲಿ ನಡೆಯುವುದಿಲ್ಲ. ಹೊಸದಾಗಿ ಒಂದು ಲೈಟ್ ಪಾಯಿಂಟ್ ಬೇಕೆಂದರೂ ವೈರ್ ಓಡಿಸಲು ಉಳಿದ ಜಾಗ ಸೀಲಿಂಗ್ ಒಂದೇ.

ಮಿವಾನ್ ಗೋಡೆ ಇಟ್ಟಿಗೆಗಿಂತ, ಹಗುರ ಬ್ಲಾಕ್‌ಗಿಂತ ಬೇಗ ಬಿಸಿಯನ್ನು ಒಳಗೆ ಬಿಡುತ್ತದೆ. ಅಂಥ ಮನೆಯಲ್ಲಿ ಸೀಲಿಂಗ್ ಆರಿಂಚು ಕೆಳಗೆ ಬಂದರೆ ಏನಾಗುತ್ತದೆ ಲೆಕ್ಕ ಹಾಕಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಕೇಳುತ್ತದೆ, ಅಂದರೆ ಸುಮಾರು 9 ಅಡಿ. ಬಹಳಷ್ಟು ಫ್ಲಾಟ್‌ಗಳಲ್ಲಿ ಸ್ಲ್ಯಾಬ್ ಇರುವುದೇ ಅದಕ್ಕಿಂತ ಸ್ವಲ್ಪ ಮೇಲೆ. ಇಡೀ ಹಾಲ್‌ಗೆ ಸೀಲಿಂಗ್ ಹೊಡೆದರೆ ಫ್ಯಾನ್ ರೆಕ್ಕೆ ಸೀಲಿಂಗ್‌ಗೆ ಅಂಟಿದ ಹಾಗಾಗಿ ಗಾಳಿಯೇ ಇಲ್ಲ. ಕೆಳಗೆ ಇಳಿಸಿದರೆ ತಲೆಯ ಹತ್ತಿರ ಬರುತ್ತದೆ. ಆಗ ಏಸಿ ಬರುತ್ತದೆ. ಅದಕ್ಕೊಂದು ಪ್ಯಾನೆಲ್, ಅದರದ್ದೂ ಚದರಡಿ.

ನನ್ನ ಪ್ರಕಾರ ಅಂಚಿನಲ್ಲಿ ಒಂದೂವರೆ ಅಡಿ ಅಗಲಕ್ಕೆ ಮಾತ್ರ ಜಿಪ್ಸಂ ಪಟ್ಟಿ ಓಡಿಸಿ, ನಡುಭಾಗ ಖಾಲಿ ಬಿಡುವುದು ಒಳ್ಳೆಯದು. ವೈರ್ ಎಲ್ಲ ಅದರಲ್ಲೇ ಹೋಗುತ್ತದೆ. ಬಲ್ಬ್ 3000 ಕೆಲ್ವಿನ್‌ನದ್ದು, ಅಂದರೆ ಹಳದಿ ಛಾಯೆಯದ್ದು, ಇರಲಿ ಅನ್ನುವ ಈಗಿನ ಟ್ರೆಂಡ್ ಮಾತ್ರ ನೂರಕ್ಕೆ ನೂರು ಸರಿ. ಆ ನೀಲಿಬಿಳಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಷ್ಟು ವರ್ಷ ಊಟ ಮಾಡಿದೆವೋ! ಆದರೆ ಅಡುಗೆಮನೆಯ ಕಟ್ಟೆಗೂ ಮಕ್ಕಳು ಓದುವ ಮೇಜಿಗೂ ಸ್ವಲ್ಪ ಬಿಳಿಯಾದ 4000 ಕೆಲ್ವಿನ್ ಇದ್ದರೆ ಕಣ್ಣಿಗೆ ಹಿತ.

ಒಗ್ಗರಣೆಯ ಪರೀಕ್ಷೆ

ಓಪನ್ ಕಿಚನ್‌ನಿಂದ ಬಿಲ್ಡರ್‌ಗೆ ಒಂದು ಗೋಡೆ ಉಳಿಯುತ್ತದೆ, ಕೊಳ್ಳುವವರಿಗೆ ಹಾಲ್ ದೊಡ್ಡದಾಗಿ ಕಾಣುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಂದು ಒಗ್ಗರಣೆ ಕೊಟ್ಟ ದಿನ ವಿಷಯ ಗೊತ್ತಾಗುತ್ತದೆ. ಘಾಟು ಸೋಫಾದ ಗುಂಗುರು ನೂಲಿನ ಬೂಕ್ಲೆ ಬಟ್ಟೆಗೂ ಹೋಗಿ ಕೂರುತ್ತದೆ. ಹಾಗಾಗಿಯೇ ಈಗ ಜೋರಾಗಿ ಓಡುತ್ತಿರುವುದು ಸಣ್ಣ ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಸ್ಲೈಡಿಂಗ್ ಬಾಗಿಲು. ತೆಗೆದ ಗೋಡೆಯನ್ನು ದುಡ್ಡು ಕೊಟ್ಟು ವಾಪಸ್ ತರುವುದು ಇದು. ಚಿಮಣಿ ಹಾಕುವವರು ಪೈಪ್ ಹೊರಗೆ ಹೋಗುವ ದಾರಿ ನೋಡಿ ಹಾಕಿ. ಬಾಗುವಿಕೆ ಹೆಚ್ಚಾದಷ್ಟೂ ಎಳೆಯುವ ಶಕ್ತಿ ಕಡಿಮೆ.

ಹಲಗೆಯ ಗುಣ ಗೊತ್ತಾಗುವುದೂ ಅಡುಗೆಮನೆಯಲ್ಲೇ. ಕುಕ್ಕರ್ ವಿಷಲ್ ಹೊಡೆದಾಗಲೆಲ್ಲ ಆವಿ ನೇರ ಮೇಲಿನ ಕ್ಯಾಬಿನೆಟ್ಟಿನ ತಳಕ್ಕೆ ಹೊಡೆಯುತ್ತದೆ. ಮೊದಲು ಹಲಗೆಯ ಅಂಚಿಗೆ ಅಂಟಿಸಿದ ಪಟ್ಟಿ, ಎಡ್ಜ್ ಬ್ಯಾಂಡ್, ಬಿಡುತ್ತದೆ. ಆಮೇಲೆ ಪಾರ್ಟಿಕಲ್ ಬೋರ್ಡ್ ನೀರಿಗೆ ಬಿದ್ದ ಪುಸ್ತಕದ ಹಾಗೆ ಉಬ್ಬುತ್ತದೆ. ಸಿಂಕ್ ಕೆಳಗೂ ಹೀಗೇ. ಅಲ್ಲಿ ಬೇಕಾದದ್ದು ನೀರು ತಡೆಯುವ ಐಎಸ್ 710 ಗುರುತಿನ ಪ್ಲೈವುಡ್. 72 ಗಂಟೆ ಕುದಿಸಿದರೂ ಅಂಟು ಬಿಡಬಾರದು ಅನ್ನುವುದು ಅದರ ಪರೀಕ್ಷೆ. ವಾರ್ಡ್‌ರೋಬ್‌ಗೆ ಐಎಸ್ 303 ಸಾಕು. ಮರದ ನಾರು ಒತ್ತಿ ಮಾಡಿದ ಎಂಡಿಎಫ್, ಎಚ್‌ಡಿಎಚ್‌ಎಂಆರ್ ಹಲಗೆಗಳು ಶಟರ್‌ಗೆ ಚೆನ್ನ, ಪೇಂಟ್ ನುಣುಪಾಗಿ ಕೂರುತ್ತದೆ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಏನಿದೆ ಅಂತ ದೇವರಿಗೇ ಗೊತ್ತು. ಅಂಟಿಸುವ ಮೊದಲು ಹಲಗೆಯ ಮೇಲಿನ ಐಎಸ್‌ಐ ಮುದ್ರೆಯ ಫೋಟೊ ಕೇಳಿ ಪಡೆಯಿರಿ. ಒಳ್ಳೆಯ ಕೆಲಸದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊಸ ಇಂಟೀರಿಯರ್‌ನ ಆ ಘಾಟು ವಾಸನೆ ಬರುವುದು ಬಹುತೇಕ ಹಲಗೆಯ ಅಂಟಿನ ಫಾರ್ಮಾಲ್ಡಿಹೈಡ್‌ನಿಂದ, ಪೇಂಟ್ ಮತ್ತು ಪಾಲಿಶ್‌ನಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹೆದರಬೇಕಿಲ್ಲ, ಪ್ರಮಾಣ ಮುಖ್ಯ. ಅದನ್ನು ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆಯ ಹಲಗೆ ಕೇಳಿ. ಗೃಹಪ್ರವೇಶಕ್ಕೆ ಮುಂಚೆ ಕೆಲವು ವಾರ ಕಿಟಕಿ, ಕಪಾಟು ಎರಡನ್ನೂ ತೆರೆದಿಡಿ. ಮುಹೂರ್ತ ಹತ್ತಿರ ಇದೆ ಅಂತ ಪೇಂಟ್ ಒಣಗುವ ಮೊದಲೇ ಹಾಲುಕ್ಕಿಸುವವರೇ ಜಾಸ್ತಿ, ಅಲ್ವಾ?

ಕಟ್ಟೆಗೆ ಈಗ ಬಿಳಿ ಕ್ವಾರ್ಟ್ಜ್. ಹೆಚ್ಚೂಕಮ್ಮಿ ಶೇ 90ರಷ್ಟು ಕಲ್ಲಿನ ಪುಡಿ, ಉಳಿದದ್ದು ರೆಸಿನ್ ಅನ್ನುವ ಪ್ಲಾಸ್ಟಿಕ್ ಥರದ ಅಂಟು. ಬಿಸಿ ಬಾಣಲೆ ನೇರವಾಗಿ ಇಟ್ಟರೆ ರೆಸಿನ್ ಸುಟ್ಟು ಕಲೆ. ಅರಿಶಿನ ಬಿದ್ದರೆ ತಕ್ಷಣ ಒರೆಸಬೇಕು. ಅದಕ್ಕಿಂತ ದೊಡ್ಡ ಮಾತು ಅದನ್ನು ಕತ್ತರಿಸುವವರದ್ದು. ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ. ಅದಕ್ಕೆ ಮದ್ದಿಲ್ಲ. ಕಾರ್ಮಿಕರು ಒಬ್ಬರಾದ ಮೇಲೆ ಒಬ್ಬರು ಕಾಯಿಲೆ ಬಿದ್ದದ್ದರಿಂದ ಆಸ್ಟ್ರೇಲಿಯ 2024ರ ಜುಲೈ 1ರಿಂದ ಈ ಕೃತಕ ಕಲ್ಲನ್ನೇ ನಿಷೇಧಿಸಿತು. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ, ಆದರೆ ಕ್ವಾರ್ಟ್ಜ್‌ನ ಅರ್ಧದಷ್ಟೂ ಇಲ್ಲ. ನಮ್ಮ ಚಾಮರಾಜನಗರದ ಕರಿ ಗ್ರಾನೈಟ್ ಹೊರದೇಶಕ್ಕೆ ಹೋಗುತ್ತದೆ. ಬೆಂಗಳೂರಿನ ಪಕ್ಕದ ಜಿಗಣಿಯ ಸಾಲು ಸಾಲು ಕಾರ್ಖಾನೆಗಳಲ್ಲಿ ಬೇಕಾದ ಚಪ್ಪಡಿ ಸಿಗುತ್ತದೆ. ನಾವು ಮಾತ್ರ ‘ಕಪ್ಪು ಹಳೇ ಫ್ಯಾಷನ್’ ಅನ್ನುತ್ತೇವೆ. ಯಾವ ಕಲ್ಲೇ ಆದರೂ ಮನೆಯೊಳಗೆ ಒಣದಾಗಿ ಕತ್ತರಿಸಲು ಬಿಡಬೇಡಿ. ನೀರು ಹಾಯಿಸಿ, ಮುಖಕ್ಕೆ ಮಾಸ್ಕ್ ಹಾಕಿಸಿ.

ಬಾತ್‌ರೂಮಿನ ಮ್ಯಾಟ್ ಕಪ್ಪು ನಲ್ಲಿಗಳ ಬಗ್ಗೆ ಒಂದೇ ಮಾತು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಮನೆಗೆ ಅವು ಬೇಡ. ಉಪ್ಪಿನ ಬಿಳಿ ಕಲೆ ಒಂದೇ ತಿಂಗಳಲ್ಲಿ ಕೂರುತ್ತದೆ, ಆಸಿಡ್ ಹಾಕಿ ಉಜ್ಜಿದರೆ ಕಪ್ಪೂ ಹೋಗುತ್ತದೆ. ಸಾದಾ ಕ್ರೋಮ್ ವಾಸಿ.

ಹಳೇ ಫ್ಲಾಟ್ ರಿಪೇರಿ ಮಾಡಿಸುವವರ ಸಂಖ್ಯೆಯೂ ಈಗ ಏರುತ್ತಿದೆ. ಅಲ್ಲಿ ಖರ್ಚು ಮೊದಲು ಹೋಗಬೇಕಾದದ್ದು ಬಾತ್‌ರೂಮಿನ ವಾಟರ್‌ಪ್ರೂಫಿಂಗ್‌ಗೆ, ತುಕ್ಕು ಹಿಡಿದ ಜಿಐ ಪೈಪ್ ಬದಲಿಸುವುದಕ್ಕೆ. ಹೊಸ ಟೈಲ್ಸ್ ಹಾಕುವ ಮೊದಲು ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಸೀಲಿಂಗ್ ನೋಡಿ ಬರಬೇಕು. ಇದರ ಫೋಟೊ ಯಾರೂ ಹಾಕುವುದಿಲ್ಲ. ಹಾಗಾಗಿ ಬಜೆಟ್ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ಈ ಹಳೇ ವಸ್ತುಗಳ ವ್ಯಾಮೋಹದಿಂದ ಒಳ್ಳೆಯದೂ ಆಗಿದೆ. ನವಲಗುಂದದ ಜಮಖಾನ ಈಗ ಬೆಂಗಳೂರಿನ ಹಾಲ್‌ಗಳಿಗೆ ಬರುತ್ತಿದೆ. ನವಿಲು, ಪಗಡೆ ಹಾಸಿನ ಚಿತ್ರದ ಈ ದಪ್ಪ ಹಾಸನ್ನು ನೇಯುವವರು ಹೆಂಗಸರು, ನಿಲ್ಲಿಸಿದ ಮಗ್ಗದಲ್ಲಿ. ಭೌಗೋಳಿಕ ಗುರುತು ಸಿಕ್ಕಿದ್ದರೂ ನೇಯುವ ಕೈಗಳು ಕಡಿಮೆಯಾಗುತ್ತಾ ಬಂದಿವೆ. ಗುಳೇದಗುಡ್ಡದ ಖಣದಲ್ಲಿ ಕುಶನ್ ಕವರ್ ಹೊಲಿಸುತ್ತಿದ್ದಾರೆ. ಚನ್ನಪಟ್ಟಣದ ಅರಗಿನ ಬಣ್ಣದ ಗುಬುಟುಗಳನ್ನು ಕಪಾಟಿನ ಹಿಡಿಗೆ ಹಾಕಿಸುವವರೂ ಇದ್ದಾರೆ. ಆದರೆ ಅದೇ ಹೊತ್ತಿಗೆ ಹಿಡಿಯೇ ಇಲ್ಲದ ಬಾಗಿಲಿನ ಟ್ರೆಂಡ್ ಬಂದು ಆ ಗುಬುಟಿಗೆ ಜಾಗವೇ ಇಲ್ಲದ ಹಾಗೆ ಮಾಡಿದೆ. ಹಿಟ್ಟು ಕಲಸಿದ ಕೈಯಲ್ಲಿ ಹಿಡಿಯಿಲ್ಲದ ಡ್ರಾಯರ್ ಎಳೆದು ನೋಡಿ. ಯಾರು ಇದನ್ನು ಕಂಡುಹಿಡಿದರೋ ಅವರು ಚಪಾತಿ ಮಾಡಿದವರಲ್ಲ.

ಕೊನೆಗೆ, ಯಾವ ಕೊಟೇಶನ್ನಿನಲ್ಲೂ ಬರದ ಒಂದು ಅಡುಗೆಮನೆಯ ಬಗ್ಗೆ ಹೇಳಬೇಕು. ಹಿಂದೆ ಎಷ್ಟೋ ಮನೆಗಳಲ್ಲಿದ್ದ ಕಡಪಾ ಕಲ್ಲಿನ ಅಥವಾ ತಂತಿ ಬಲೆಗೆ ಸಿಮೆಂಟ್ ಮೆತ್ತಿದ ತೆಳು ಫೆರೋಸಿಮೆಂಟ್ ಹಲಗೆಯ ಶೆಲ್ಫು. ಗೋಡೆಗೇ ಕೂಡಿಸಿದ ಇದಕ್ಕೆ ಮುಂದೆ ಮರದ ಚೌಕಟ್ಟು, ಬಾಗಿಲು ಹಾಕಿದರೆ ಹೊರಗಿನಿಂದ ಮಾಡ್ಯುಲರ್ ಕಿಚನ್ನೇ. ಒಳಗೆ ಗೆದ್ದಲಿಲ್ಲ, ಕುಕ್ಕರಿನ ಆವಿಗೆ ಉಬ್ಬುವುದಿಲ್ಲ, ಹಬ್ಬದ ಹಿತ್ತಾಳೆ ಪಾತ್ರೆ, ವೆಟ್ ಗ್ರೈಂಡರ್ ಇಟ್ಟರೂ ಬಾಗುವುದಿಲ್ಲ. ಬಾಗಿಲಿನ ಬಣ್ಣ ಬೇಜಾರಾದರೆ ಬಾಗಿಲು ಮಾತ್ರ ಬದಲಿಸಬಹುದು. ಕಾರ್ಕಸ್ ಚದರಡಿಯೇ ಇಲ್ಲದ ಕಾರಣ ಇದನ್ನು ಯಾವ ಶೋರೂಮೂ ತೋರಿಸುವುದಿಲ್ಲ. ಸ್ವಂತ ಮನೆ ಕಟ್ಟಿಸುವವರು ಅಡುಗೆಮನೆಯ ಟೈಲ್ಸ್ ಹಾಕಿಸುವ ಮೊದಲೇ ಮೇಸ್ತ್ರಿಗೆ ಅಳತೆ ಕೊಡಬೇಕು. ಎರಡು ಹಲಗೆಯ ನಡುವೆ ಎಷ್ಟು ಎತ್ತರ ಬೇಕು ಅನ್ನುವುದನ್ನು, ಮನೆಯ ಅತಿ ದೊಡ್ಡ ಡಬ್ಬಿ ತಂದಿಟ್ಟು ನೋಡಿಯೇ ಗುರುತು ಹಾಕಿಸಿ.